ವೃದ್ಧಾಶ್ರಮದಲ್ಲಿರುವ ಅಮ್ಮನಿಗೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ: ಈಗಲೇ ಬರೆದಿಡುವುದು ಹೇಗೆ?

ಚಾಮುಂಡಿ ತಪ್ಪಲು
ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 83. ಮೈಸೂರಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ, ಅಣ್ಣ ಡಲ್ಲಾಸ್‌ನಲ್ಲಿ. ಅಮ್ಮನಿಗೆ ಒಮ್ಮೆ ಸಣ್ಣ ಸ್ಟ್ರೋಕ್ ಆಗಿದೆ, ವಾಕರ್ ಹಿಡಿದು ನಡೆಯುತ್ತಾರೆ. ಈಚೆಗೆ ಮರೆವು ಜಾಸ್ತಿ. ಡೆಮೆನ್ಶಿಯಾ ಈಗಷ್ಟೇ ಶುರುವಾಗಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಮಾತು, ಹಟ, ದುಡ್ಡಿನ ಲೆಕ್ಕ ಎಲ್ಲ ಇನ್ನೂ ಸರಿಯಾಗಿಯೇ ಇವೆ.

ಅವರ ಪಕ್ಕದ ಮಂಚದ ಅಜ್ಜಿಯನ್ನು ಒಂದು ರಾತ್ರಿ ಆಂಬುಲೆನ್ಸ್‌ನಲ್ಲಿ ಕರೆದೊಯ್ದರು. ವೆಂಟಿಲೇಟರ್ ಹಾಕಿದರು. ಟ್ಯೂಬ್ ಕಿತ್ತುಕೊಳ್ಳುತ್ತಾರೆ ಎಂದು ಕೈ ಕಟ್ಟಿದರು. ಐಸಿಯುನಲ್ಲೇ ತೀರಿಕೊಂಡರು. ಅದನ್ನು ಕೇಳಿದಾಗಿನಿಂದ ಅಮ್ಮನದು ಒಂದೇ ಮಾತು: “ನನಗೆ ಹಾಗೆಲ್ಲ ಮಾಡಿಸಬೇಡ ಕಣೇ. ಎಲ್ಲಾದರೂ ಬರೆದಿಡು.”

ಎಲ್ಲಿ ಬರೆಯಲಿ? ಆಶ್ರಮಕ್ಕೆ ಸೇರಿಸುವಾಗ ತುಂಬಿದ ಅರ್ಜಿ ತೆಗೆದು ನೋಡಿದೆ. ಬಿಪಿ, ಶುಗರ್, ಊಟದ ಪಥ್ಯ, ಅಂತ್ಯಕ್ರಿಯೆ ಯಾರು ಮಾಡುತ್ತಾರೆ, ಎಲ್ಲಕ್ಕೂ ಒಂದೊಂದು ಸಾಲಿದೆ. “ತುರ್ತು ಸಂದರ್ಭದಲ್ಲಿ ಯಾವ ಆಸ್ಪತ್ರೆ” ಎಂದೂ ಇದೆ. ಆಸ್ಪತ್ರೆಗೆ ಹೋಗಬೇಕೇ, ಹೋದರೆ ಎಲ್ಲಿಯವರೆಗೆ ಚಿಕಿತ್ಸೆ ಎಂದು ಕೇಳುವ ಸಾಲೇ ಇಲ್ಲ.

ಅಣ್ಣ “ಎಲ್ಲ ಮಾಡಿಸು, ದುಡ್ಡಿನ ಯೋಚನೆ ಬೇಡ” ಎನ್ನುತ್ತಾನೆ. ಕಾನೂನು ಏನು ಹೇಳುತ್ತದೆ? ಮರೆವು ಇರುವವರ ಸಹಿ ನಡೆಯುತ್ತದೆಯೇ? ಆಶ್ರಮದವರು ಅದರಂತೆ ನಡೆದುಕೊಳ್ಳುತ್ತಾರೆಯೇ? ತಿಳಿದವರು ಹೇಳಿ.

ಪಿಂಚಣಿದಾರ
ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ದಯಾಮರಣಕ್ಕೆ ಒಪ್ಪಿಗೆ ಕೊಟ್ಟಿತಲ್ಲ. ಅದರಡಿ ಅರ್ಜಿ ಹಾಕಿ.

ಕರಿಕೋಟು
ಸರ್, ಸ್ವಲ್ಪ ತಿದ್ದುತ್ತೇನೆ. ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯುವುದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧ. ನೀವು ಹೇಳುವ ಸರ್ಕಾರದ ಸುತ್ತೋಲೆಯಲ್ಲಿ ಅದಿಲ್ಲ.

ಆಗಿರುವುದು ಇಷ್ಟು. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. ವಾಸಿಯಾಗುವ ಭರವಸೆಯೇ ಇಲ್ಲದಾಗ, ಸುಮ್ನೆ ಜೀವ ಎಳೆಯುವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡಬಹುದು. ‘ಲಿವಿಂಗ್ ವಿಲ್’ ಎನ್ನುವುದು ಇದಕ್ಕೇ. ಆಗ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. ಅಷ್ಟೆಲ್ಲ ಓಡಾಡುವುದು ಸಾಮಾನ್ಯ ಜನರಿಗೆ ಕಷ್ಟವಾಗಿತ್ತು. 2023ರ ಜನವರಿ 24ರಂದು ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತನಗೆ ಮಾತಾಡಲು ಆಗದಿದ್ದಾಗ ತನ್ನ ಪರವಾಗಿ ಯಾರು ಹೇಳಬೇಕು ಎಂದು ಒಬ್ಬರಿಗಿಂತ ಹೆಚ್ಚು ಜನರ ಹೆಸರನ್ನೂ ಬರೆಯಬಹುದು.

ನಮ್ಮ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ್ದು ಆ ತೀರ್ಪನ್ನು ಜಾರಿಗೆ ತರುವ ಸುತ್ತೋಲೆ. ಸಚಿವ ದಿನೇಶ್ ಗುಂಡೂರಾವ್ ಅವರೂ ಇದು ದಯಾಮರಣವಲ್ಲ ಎಂದು ಬಿಡಿಸಿ ಹೇಳಿದ್ದರು.

ಬೆಣ್ಣೆನಗರಿ
ನಮ್ಮ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಸುತ್ತೋಲೆ ಬಂದಾಗ ಪತ್ರಿಕೆಗಳಲ್ಲೆಲ್ಲ ಅವರದೇ ಸುದ್ದಿ. ಅವರನ್ನು ಇಲ್ಲಿ ನೆನೆಯಲೇಬೇಕು.

ಹಳದೀಪುರದವ
ನೆನೆಯುವುದಾದರೆ ನಮ್ಮ ಊರಿನ ಅರುಣಾ ಶಾನಭಾಗ ಅವರನ್ನೂ ನೆನೆಯಿರಿ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅವರ ಮೇಲೆ ದಾಳಿಯಾಗಿ ಮೆದುಳಿಗೆ ಪೆಟ್ಟಾಯಿತು. 2015ರ ಮೇ ತಿಂಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರನ್ನು ನೆಮ್ಮದಿಯಾಗಿ ಸಾಯಲು ಬಿಡಿ ಎಂದು ಅವರ ಪರವಾಗಿ ಹೋದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೋಡಿಕೊಳ್ಳುತ್ತಿದ್ದ ನರ್ಸ್‌ಗಳು ಅವರು ಬದುಕಿರಲಿ ಎಂದರು. ಅವರು ಎಷ್ಟು ಅಕ್ಕರೆಯಿಂದ ನೋಡಿಕೊಂಡರು ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಆದರೆ ಅರುಣಾಗೆ ಏನು ಬೇಕಿತ್ತು ಎಂದು ಯಾರಿಗೂ ಗೊತ್ತಾಗಲಿಲ್ಲ, ಅಲ್ವಾ? ನಿಮ್ಮ ಅಮ್ಮ ಇನ್ನೂ ಮಾತಾಡುತ್ತಿದ್ದಾರೆ. ಈಗಲೇ ಕೇಳಿ ಮೇಡಂ.

ನೇರಮಾತು
ನನಗೆ ಇದು ಸರಿ ಕಾಣುತ್ತಿಲ್ಲ. ಮೊದಲು ಅಪ್ಪ ಅಮ್ಮನನ್ನು ಆಶ್ರಮಕ್ಕೆ ಬಿಡುವುದು, ಆಮೇಲೆ ಚಿಕಿತ್ಸೆ ಬೇಡ ಎಂದು ಸಹಿ ಹಾಕಿಸುವುದು. ಆಸ್ತಿ ಇರುವ ಮನೆಗಳಲ್ಲಿ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಯೋಚಿಸಿದ್ದೀರಾ? ಹಿರಿಯರು “ನನ್ನಿಂದ ನಿಮಗೆ ತೊಂದರೆ ಬೇಡಪ್ಪ” ಎನ್ನುವುದು ಬೇಜಾರಿನಲ್ಲಿ. ಅದನ್ನೇ ಬರೆಸಿಕೊಂಡರೆ?

ಚಾಮುಂಡಿ ತಪ್ಪಲು
ಅಮ್ಮ ಆಶ್ರಮ ಸೇರಿದ್ದು ಅವರೇ ಆರಿಸಿಕೊಂಡು. ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ ದಿನವಿಡೀ ಒಬ್ಬರೇ ಕೂರುವುದು ಅವರಿಗೆ ಆಗಲಿಲ್ಲ. ಅಲ್ಲಿ ಜೊತೆಗೆ ಜನ ಇದ್ದಾರೆ, ಸಂಜೆ ಭಜನೆ ಇದೆ. ದಯವಿಟ್ಟು ಹಾಗೆ ಬರೆಯಬೇಡಿ, ನೋವಾಗುತ್ತದೆ.

ಕರಿಕೋಟು
ನೇರಮಾತು ಅವರ ಭಯ ಪೂರ್ತಿ ಸುಳ್ಳಲ್ಲ. ಅದಕ್ಕೇ ಸಾಕ್ಷಿಗಳು ಆದಷ್ಟು ಹೊರಗಿನವರಾಗಿರಲಿ ಎಂದು ಕೋರ್ಟ್ ಹೇಳಿದೆ. ಒತ್ತಾಯವಿಲ್ಲದೆ, ತಿಳಿದು ಬರೆದದ್ದು ಎಂಬುದಕ್ಕೆ ಅವರು ಸಾಕ್ಷಿ. ಪತ್ರ ಇದ್ದ ಮಾತ್ರಕ್ಕೆ ಮಕ್ಕಳು ಹೇಳಿದ ಕೂಡಲೇ ವೆಂಟಿಲೇಟರ್ ತೆಗೆಯುವುದೂ ಇಲ್ಲ. ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್ ಮತ್ತು ಇಬ್ಬರು ತಜ್ಞರ ಒಂದು ಮಂಡಳಿ ನೋಡಬೇಕು. ಅದರಲ್ಲಿಲ್ಲದ ಬೇರೆ ವೈದ್ಯರ ಎರಡನೇ ಮಂಡಳಿಯೂ ಒಪ್ಪಬೇಕು. ಆ ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಡಾಕ್ಟರ್ ಇರುತ್ತಾರೆ. ಪ್ರತಿ ಮಂಡಳಿ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಜಾರಿಗೆ ತರುವ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಬರೆದವರು ಮನಸ್ಸು ಬದಲಾಯಿಸಿದರೆ ಯಾವಾಗ ಬೇಕಾದರೂ ಲಿಖಿತವಾಗಿ ವಾಪಸ್ ಪಡೆಯಬಹುದು.

ತುಮಕೂರು ಮೇಷ್ಟ್ರು
ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ನಮ್ಮ ತಂದೆಯವರ ಹತ್ತಿರ ನೋಟರಿ ಮಾಡಿಸಿದ ಪತ್ರ ಇತ್ತು. ಆಸ್ಪತ್ರೆಯಲ್ಲಿ ತೋರಿಸಿದರೆ “ನಮ್ಮ ಲೀಗಲ್‌ನವರನ್ನು ಕೇಳಬೇಕು” ಎಂದರು. ಅದಾಗಿ ಉತ್ತರವೇ ಬರಲಿಲ್ಲ. ಮಂಡಳಿ ಎಲ್ಲಿ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ “ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ” ಎಂದು ನಾವೇ ಬರೆದುಕೊಟ್ಟು ಮನೆಗೆ ತಂದೆವು. ನೋವಿಗೆ ಏನು ಕೊಡಬೇಕು, ಉಸಿರು ಎಳೆದರೆ ಏನು ಮಾಡಬೇಕು ಎಂದು ಒಂದು ಚೀಟಿಯೂ ಬರೆದುಕೊಡಲಿಲ್ಲ. ಅದು ಅನ್ಯಾಯ.

ಹಿರಿಯರ ವೈದ್ಯೆ
ಮೇಷ್ಟ್ರೇ, ನಿಮಗಾದದ್ದು ಬಹಳ ಕುಟುಂಬಗಳಿಗೆ ಆಗುತ್ತಿದೆ. ಹಾಗೆ ಬರೆಸಿಕೊಂಡು ಕೈಬಿಡುವುದು ತಪ್ಪು. ನಮ್ಮವರಲ್ಲೂ ಹೆದರಿಕೆ ಇದೆ. 2024ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದರ ಬಗ್ಗೆ ಕರಡು ಮಾರ್ಗಸೂಚಿ ತಂದಾಗ ಭಾರತೀಯ ವೈದ್ಯಕೀಯ ಸಂಘವೇ ಇದು ವೈದ್ಯರ ಮೇಲೆ ಒತ್ತಡ ಹಾಕುತ್ತದೆ ಎಂದಿತ್ತು.

ಈಗ ಚಾಮುಂಡಿ ಅವರ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ಕಾಗದ ಬೇಕು. ಬಹಳ ಜನ ಒಂದೇ ಎಂದುಕೊಂಡಿದ್ದಾರೆ.

ಒಂದು, ವಕೀಲರು ಹೇಳಿದ ಪತ್ರ. ಅದು ವಾಸಿಯಾಗದ ಸ್ಥಿತಿ ತಲುಪಿ, ಮಾತೂ ನಿಂತ ಮೇಲೆ ಕೆಲಸಕ್ಕೆ ಬರುವುದು. ಆದರೆ ಆಶ್ರಮದಲ್ಲಿರುವವರಿಗೆ ಅದಕ್ಕೂ ಮುಂಚೆ ನೂರು ಸಣ್ಣ ಸಂದರ್ಭಗಳು ಬರುತ್ತವೆ. ಜ್ವರ ಬಂತು, ಆಸ್ಪತ್ರೆಗೆ ಹೋಗಬೇಕೇ? ಬಿದ್ದರು, ಸೊಂಟದ ಮೂಳೆ ಮುರಿಯಿತು. ಊಟ ನುಂಗಲು ಆಗುತ್ತಿಲ್ಲ, ಮೂಗಿಗೆ ಟ್ಯೂಬ್ ಹಾಕಬೇಕೇ? ಹೃದಯ ನಿಂತಿತು, ಎದೆ ಒತ್ತಬೇಕೇ? ಇದಕ್ಕೆ ಎರಡನೆಯ ಕಾಗದ. ಆಶ್ರಮದ ಫೈಲಿನ ಮೊದಲ ಪುಟದಲ್ಲಿರುವ ಆರೈಕೆಯ ಯೋಜನೆ. ಡಾಕ್ಟರ್, ಅಮ್ಮ, ನೀವು, ಆಶ್ರಮದ ಸಿಸ್ಟರ್ ಕೂತು ಬರೆಯುವುದು.

“ಏನೂ ಬೇಡ” ಎಂದು ಮಾತ್ರ ಬರೆಯಬೇಡಿ. ಅದು ಅಪಾಯ. ವಾಸಿಯಾಗುವ ಮೂತ್ರದ ಸೋಂಕಿಗೂ ಚಿಕಿತ್ಸೆ ತಪ್ಪಬಹುದು. ಮೂಳೆ ಮುರಿದರೆ ಕೊನೆಗಾಲವಾದರೂ ಆಸ್ಪತ್ರೆಗೆ ಹೋಗುವುದೇ ಒಳ್ಳೆಯದಾಗಬಹುದು, ಏಕೆಂದರೆ ಆ ನೋವು ಸಹಿಸಲಾಗದು. ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತುವ ವಿಷಯ ಬೇರೆ. ತೀರಾ ಸೊರಗಿದ ದೇಹದಲ್ಲಿ ಎದೆ ಒತ್ತಿದರೆ ಪಕ್ಕೆಲುಬು ಮುರಿಯುತ್ತವೆ, ಬದುಕಿ ಬರುವ ಸಾಧ್ಯತೆ ಬಹಳ ಕಡಿಮೆ. ಡೆಮೆನ್ಶಿಯಾ ಪೂರ್ತಿ ಮುಂದುವರಿದ ಮೇಲೆ ಟ್ಯೂಬಿನ ಊಟದಿಂದ ಆಯಸ್ಸು ಹೆಚ್ಚುವುದಿಲ್ಲ. ಊಟ, ಜೊಲ್ಲು ಶ್ವಾಸಕೋಶಕ್ಕೆ ಇಳಿಯುವುದೂ ನಿಲ್ಲುವುದಿಲ್ಲ. ಅಮೆರಿಕದ ವೃದ್ಧರ ವೈದ್ಯರ ಸಂಘ 2014ರಲ್ಲೇ ಟ್ಯೂಬ್ ಬೇಡ, ಕೈಯಾರೆ ತಿನ್ನಿಸಿ ಎಂದಿದೆ.

ಸಹಿಯ ಬಗ್ಗೆ: ಇವತ್ತು ಯಾವ ವಾರ ಎಂದು ಮರೆತವರು ತನಗೆ ವೆಂಟಿಲೇಟರ್ ಬೇಡ ಎಂದು ತಿಳಿದು ಹೇಳಬಲ್ಲರು. ವಿಷಯ ಅರ್ಥವಾಗುತ್ತದೆಯೇ, ಅದನ್ನು ತೂಗಿ ನೋಡಬಲ್ಲರೇ, ತಿರುಗಿ ತಮ್ಮ ಮಾತಿನಲ್ಲಿ ಹೇಳಬಲ್ಲರೇ, ಇಷ್ಟು ಸಾಕು. ಅವರನ್ನು ನೋಡುವ ಡಾಕ್ಟರರಿಂದ ಅದೇ ದಿನಾಂಕದ ಒಂದು ಟಿಪ್ಪಣಿ ಬರೆಸಿ ಪತ್ರದ ಜೊತೆ ಇಡಿ. ಬೆಳಗಿನ ಹೊತ್ತು ಮಾತಾಡಿ. ಸಂಜೆಗೆ ಗೊಂದಲ ಜಾಸ್ತಿ ಇರುತ್ತದೆ.

ಮಗನೊಬ್ಬ
ನನ್ನ ಹತ್ತಿರ ಅಪ್ಪನ ಜಿಪಿಎ (ಅವರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ) ಇದೆ. ಅಷ್ಟು ಸಾಕಲ್ವಾ? ನಾನೇ ತೀರ್ಮಾನ ಮಾಡಬಹುದಲ್ಲ?

ಕರಿಕೋಟು
ಸಾಲದು. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಅಲ್ಲಿಗೆ ಮುಗಿಯಿತು. ಅಂದರೆ ನಿಮಗೆ ಅದು ಬೇಕಾಗುವ ಹೊತ್ತಿಗೇ ಅದು ಇರುವುದಿಲ್ಲ. ಜೊತೆಗೆ ಅದು ಬ್ಯಾಂಕು, ಜಮೀನಿನ ವ್ಯವಹಾರದ್ದು. ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ‘ಮುಂಗಡ ನಿರ್ದೇಶನ’, ಅಂದರೆ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಪತ್ರ ಇದೆ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ. ಇದಕ್ಕೂ ಅದಕ್ಕೂ ಗಂಟು ಹಾಕಬೇಡಿ.

ಆಶ್ರಮ ನೋಡಿಕೊಳ್ಳುವವಳು
ನಾನು ಧಾರವಾಡದ ಕಡೆ ಒಂದು ಸಣ್ಣ ವೃದ್ಧಾಶ್ರಮ ನಡೆಸುತ್ತೇನೆ. ನಮ್ಮ ಕಷ್ಟವನ್ನೂ ಸ್ವಲ್ಪ ಕೇಳಿ.

ರಾತ್ರಿ ಎರಡು ಗಂಟೆ. ಡ್ಯೂಟಿಯಲ್ಲಿ ಒಬ್ಬ ಆಯಾ ಇರುತ್ತಾಳೆ. ಅಜ್ಜನ ಉಸಿರು ಗೊರಗೊರ ಎನ್ನುತ್ತಿದೆ. ಮಗಳಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಮಗ ಬೇರೆ ದೇಶದಲ್ಲಿ. ಅವಳು 108ಕ್ಕೆ ಫೋನ್ ಮಾಡದೆ ಇನ್ನೇನು ಮಾಡಬೇಕು? ಬೆಳಿಗ್ಗೆ “ಯಾಕೆ ಸುಮ್ನೆ ಕೂತಿದ್ದಿರಿ” ಎಂದು ಕೇಳುವವರು ನಮ್ಮನ್ನೇ ಕೇಳುತ್ತಾರೆ. ನಿಮ್ಮ ನೋಟರಿ ಪತ್ರ ಬೆಂಗಳೂರಿನ ಲಾಕರ್‌ನಲ್ಲಿದ್ದರೆ ನನ್ನ ಆಯಾಗೆ ಅದರಿಂದ ಏನು ಉಪಯೋಗ?

ಇನ್ನೊಂದು ಯಾರೂ ಹೇಳದ ವಿಷಯ, ಸಾವಿನ ಸರ್ಟಿಫಿಕೇಟ್. ಆಶ್ರಮದಲ್ಲೇ ತೀರಿಕೊಂಡರೆ ಸಾವಿನ ಕಾರಣವನ್ನು ನಮೂನೆ 4ಎ ನಲ್ಲಿ ಬರೆದುಕೊಡಲು ಅವರನ್ನು ನೋಡುತ್ತಿದ್ದ ಡಾಕ್ಟರ್ ಬೇಕು. ಅಂಥವರು ಇಲ್ಲದಿದ್ದರೆ ಯಾರೂ ಸಹಿ ಮಾಡುವುದಿಲ್ಲ, ಪೊಲೀಸರು ಬರುತ್ತಾರೆ ಎಂಬ ದಿಗಿಲು. ಎಷ್ಟೋ ಕಡೆ ಉಸಿರು ಹೋಗುತ್ತಿರುವವರನ್ನು ಆಸ್ಪತ್ರೆಗೆ ಓಡಿಸುವುದು ಇದೊಂದೇ ಕಾರಣಕ್ಕೆ. ನಾವು ವಾರಕ್ಕೊಮ್ಮೆ ಬರುವ ಡಾಕ್ಟರರ ಜೊತೆ ಮೊದಲೇ ಮಾತಾಡಿಕೊಂಡಿದ್ದೇವೆ. ಅವರೇ ನೋಡುತ್ತಾರೆ, ಅವರೇ ಬರೆದುಕೊಡುತ್ತಾರೆ.

ಫೈಲಿನ ಮೇಲೆ ಬಣ್ಣದ ಸ್ಟಿಕರ್ ಹಚ್ಚಿದ್ದೇವೆ. ಕೆಂಪು ಅಂದರೆ ಏನೇ ಆದರೂ ಆಸ್ಪತ್ರೆ. ಹಳದಿ ಅಂದರೆ ಮೊದಲು ಡಾಕ್ಟರರಿಗೆ ಫೋನ್. ಹಸಿರು ಅಂದರೆ ಇಲ್ಲೇ ಇರಲಿ, ನೋವು ಇಳಿಸಿ, ಬಾಯಿ ಒದ್ದೆ ಮಾಡಿ, ಮನೆಯವರನ್ನು ಕರೆಯಿರಿ. ಓದಲು ಬಾರದ ಆಯಾಗೂ ಗೊತ್ತಾಗುತ್ತದೆ. ಒಬ್ಬ ಅಜ್ಜಿ ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ತಾವೇ ಕೆಂಪು ಕಿತ್ತು ಹಳದಿ ಹಚ್ಚಿಸಿಕೊಂಡರು. ಪ್ರತಿ ಸಲ ಆಸ್ಪತ್ರೆಗೆ ಹೋಗಿ ಬಂದಾಗ ಮತ್ತೆ ಕೇಳುತ್ತೇವೆ.

ಕುಡ್ಲದ ನರ್ಸ್
ಅಕ್ಕಾ, ನೀವು ಮಾಡುತ್ತಿರುವುದು ಬಹಳ ದೊಡ್ಡ ಕೆಲಸ. ನಾನು ಮಂಗಳೂರಿನವಳು, ಇಂಗ್ಲೆಂಡಿನ ಒಂದು ಕೇರ್ ಹೋಮ್‌ನಲ್ಲಿ ನರ್ಸ್. ಇಲ್ಲಿ ಇದಕ್ಕೆ ‘ರೆಸ್ಪೆಕ್ಟ್’ ಎಂಬ ನೇರಳೆ ಬಣ್ಣದ ಫಾರಂ ಇದೆ. ಆಂಬುಲೆನ್ಸ್‌ನವರು ಬಂದರೂ ಮೊದಲು ಅದನ್ನೇ ಕೇಳುತ್ತಾರೆ.

ಆದರೆ ಎಚ್ಚರಿಕೆಯೂ ಬೇಕು. 2020ರ ಕೋವಿಡ್ ಸಮಯದಲ್ಲಿ ಇಲ್ಲಿ ಕೆಲವು ಕಡೆ ಹಿರಿಯರನ್ನೂ ಮನೆಯವರನ್ನೂ ಕೇಳದೆ ‘ಸಿಪಿಆರ್ ಬೇಡ’ ಎಂದು ಬರೆದುಬಿಟ್ಟಿದ್ದರು. ದೊಡ್ಡ ಗಲಾಟೆಯಾಗಿ ಸರ್ಕಾರ ತನಿಖೆ ಮಾಡಿಸಿತು. ನೇರಮಾತು ಅವರು ಹೇಳಿದ ಭಯ ಇದೇ. ಎಲ್ಲರಿಗೂ ಒಂದೇ ಸ್ಟಿಕರ್ ಹಚ್ಚುವ ದಿನ ಬರಬಾರದು. ಸಿಪಿಆರ್ ಬೇಡ ಅಂದರೆ ಸಿಪಿಆರ್ ಮಾತ್ರ ಬೇಡ. ಔಷಧ, ಊಟ, ಆರೈಕೆ ಎಲ್ಲ ಬೇಕು. ಹೊಸ ನರ್ಸ್‌ಗಳಿಗೆ ನಾನು ಮೊದಲು ಹೇಳಿಕೊಡುವುದೇ ಇದು.

ನಾವು ಚಿಕಿತ್ಸೆಯ ಮಾತನ್ನು ಕೊನೆಗೆ ತೆಗೆಯುತ್ತೇವೆ. ಮೊದಲು ನಿಮಗೆ ದಿನದಲ್ಲಿ ಏನು ಖುಷಿ ಎಂದು ಕೇಳುತ್ತೇವೆ. ಒಬ್ಬ ಅಜ್ಜ ಕಿಟಕಿ ಪಕ್ಕದ ಹಾಸಿಗೆ, ರೇಡಿಯೋದಲ್ಲಿ ಕ್ರಿಕೆಟ್ ಎಂದು ಬರೆಸಿದ್ದರು. ಆಸ್ಪತ್ರೆಗೆ ಕಳಿಸುವುದೋ ಬೇಡವೋ ಎಂದು ನಿರ್ಧರಿಸುವಾಗ ಆ ಎರಡು ಸಾಲೇ ನಮಗೆ ದಾರಿ ತೋರಿಸಿದವು.

ಮೂಡಬಿದಿರೆ
ನಮ್ಮ ಜೈನರಲ್ಲಿ ಸಲ್ಲೇಖನ ಇದೆಯಲ್ಲ, ಊಟ ನೀರು ಬಿಡುತ್ತಾ ಸಾವನ್ನು ಎದುರುಗೊಳ್ಳುವ ವ್ರತ. ಶ್ರವಣಬೆಳಗೊಳದ ಶಾಸನಗಳಲ್ಲಿ ಸಾವಿರ ವರ್ಷದ ಹಿಂದಿನ ಹೆಸರುಗಳೂ ಇವೆ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಪಿಂಚಣಿದಾರ
ಅದು ವ್ರತ, ಇದು ಚಿಕಿತ್ಸೆ. ಎರಡನ್ನೂ ಸೇರಿಸಬೇಡಿ. ಅಂದಹಾಗೆ ನೇತ್ರದಾನವನ್ನೂ ಇದರಲ್ಲೇ ಬರೆಯಬಹುದೇ? ಪುನೀತ್ ರಾಜ್‌ಕುಮಾರ್ ಅವರ ಕಣ್ಣು ದಾನವಾದ ಮೇಲೆ ನಮ್ಮ ಮನೆಯವರೆಲ್ಲ ಹೆಸರು ಬರೆಸಿದ್ದೇವೆ.

ಹಿರಿಯರ ವೈದ್ಯೆ
ಬರೆಯಿರಿ. ಆದರೆ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಹಾಗಾಗಿ ನೇತ್ರ ಬ್ಯಾಂಕಿನ ಫೋನ್ ನಂಬರ್ ಆಶ್ರಮದ ಫೈಲಿನಲ್ಲೇ ಇರಲಿ.

ಜೆರ್ಸಿ ಕನ್ನಡಿಗ
ಚಾಮುಂಡಿ ಅವರೇ, ನಿಮ್ಮ ಅಣ್ಣನ ಬಗ್ಗೆ. ದೂರದಲ್ಲಿರುವ ಮಗನಿಗೆ ‘ಎಲ್ಲ ಮಾಡಿಸು’ ಎನ್ನುವುದೊಂದೇ ಪ್ರೀತಿ ತೋರಿಸುವ ದಾರಿಯಾಗಿ ಉಳಿದಿರುತ್ತದೆ. ನಾನೂ ಆ ಜಾಗದಲ್ಲಿದ್ದವನು, ಅವರನ್ನು ಬೈಯಬೇಡಿ. ಅಮೆರಿಕದಲ್ಲಿ 1990ರ ಕಾನೂನಿನ ಪ್ರಕಾರ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳು ಸೇರಿಸಿಕೊಳ್ಳುವಾಗಲೇ ಇಂಥ ಪತ್ರ ಇದೆಯೇ ಎಂದು ಕೇಳಬೇಕು. ನಿಮ್ಮ ಅಣ್ಣನನ್ನೂ ಅಲ್ಲಿ ಯಾರಾದರೂ ಕೇಳಿರುತ್ತಾರೆ. ವೀಡಿಯೋ ಕಾಲ್‌ನಲ್ಲಿ ಅವರನ್ನು ಕೂರಿಸಿ, ಮಾತು ಅಮ್ಮನ ಬಾಯಿಂದಲೇ ಬರಲಿ. ತಂಗಿ ಹೇಳುವುದಕ್ಕೂ ಅಮ್ಮ ಹೇಳುವುದಕ್ಕೂ ಬಹಳ ವ್ಯತ್ಯಾಸ.

ಚಾಮುಂಡಿ ತಪ್ಪಲು
ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಆಶ್ರಮದಲ್ಲಿ ಕೂತೆವು. ಅಮ್ಮ, ನಾನು, ಸಿಸ್ಟರ್, ಡಾಕ್ಟರ್, ಫೋನಿನಲ್ಲಿ ಅಣ್ಣ. ಕುಡ್ಲದ ನರ್ಸ್ ಹೇಳಿದ ಹಾಗೆ ಖುಷಿಯ ಪ್ರಶ್ನೆಯಿಂದ ಶುರು ಮಾಡಿದೆ. “ಬೆಳಿಗ್ಗೆ ಎದ್ದ ಕೂಡಲೇ ಕಾಫಿ. ಸ್ಟೀಲ್ ಲೋಟದಲ್ಲೇ ಕೊಡಿ, ಪ್ಲಾಸ್ಟಿಕ್ ಕಪ್ ಬೇಡ” ಎಂದರು. ನುಂಗಲು ಆಗದಿದ್ದರೆ ಎಂದು ಡಾಕ್ಟರ್ ಕೇಳಿದರು. “ಒಂದು ಚಮಚ ನಾಲಿಗೆಗೆ ಹಚ್ಚಿ. ಮೂಗಿಗೆ ನಳಿಗೆ ಬೇಡ.” ಜ್ವರಕ್ಕೆ ಇಲ್ಲೇ ಔಷಧ. ಮೂಳೆ ಮುರಿದರೆ ಆಸ್ಪತ್ರೆ. ಎದೆ ಒತ್ತುವುದು ಬೇಡ. ಇಷ್ಟಕ್ಕೆ ಅಣ್ಣನೂ ಒಪ್ಪಿದ.

ವೆಂಟಿಲೇಟರ್ ಹತ್ತಿರ ಮಾತು ನಿಂತಿತು. “ವಾಸಿಯಾಗುವ ನ್ಯುಮೋನಿಯಾ ಆದರೆ ಮೂರು ದಿನವಾದರೂ ನೋಡೋಣ” ಎನ್ನುತ್ತಾನೆ. ಅಮ್ಮ ಅವನ ಮುಖ ನೋಡಿ “ಸರಿ, ನಿನಗೋಸ್ಕರ ಮೂರು ದಿನ” ಎಂದರು. ಹಾಗೆ ಬರೆಯಬಹುದೇ?

ಹಿರಿಯರ ವೈದ್ಯೆ
ಬರೆಯಬಹುದು. ಇಷ್ಟು ದಿನ ಪ್ರಯತ್ನ, ಸುಧಾರಿಸದಿದ್ದರೆ ಮುಂದುವರಿಸುವುದು ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ.

ತುಮಕೂರು ಮೇಷ್ಟ್ರು
ಡಾಕ್ಟ್ರೇ, ಹಾಕುವುದು ಸುಲಭ. ತೆಗೆಸುವುದು ಎಷ್ಟು ಕಷ್ಟ ಎಂದು ನಾನು ಕಂಡಿದ್ದೇನೆ. ಮಂಡಳಿ ಇಲ್ಲದ ಆಸ್ಪತ್ರೆಯಾದರೆ ಮೂರು ದಿನ ಮೂರು ವಾರವಾಗುತ್ತದೆ.

ಹಿರಿಯರ ವೈದ್ಯೆ
ಒಪ್ಪುತ್ತೇನೆ. ಅದಕ್ಕೇ ಆಸ್ಪತ್ರೆಯ ಹೆಸರು ಬರೆಯುವ ಮುಂಚೆ ಅಲ್ಲಿಗೆ ಹೋಗಿ ಕೇಳಿ: ನಿಮ್ಮಲ್ಲಿ ಎರಡೂ ಮಂಡಳಿಗೆ ವ್ಯವಸ್ಥೆ ಇದೆಯೇ, ಉಪಶಮನ ಆರೈಕೆಯ (ನೋವು, ಸಂಕಟ ಇಳಿಸುವ) ಡಾಕ್ಟರ್ ಇದ್ದಾರೆಯೇ? ಇಲ್ಲ ಎಂದರೆ ಬೇರೆ ಆಸ್ಪತ್ರೆ ನೋಡಿ. ಪ್ರಜ್ಞೆ ಇದ್ದು, ತಿಳಿವಳಿಕೆಯಿಂದ ಅಮ್ಮನೇ ಚಿಕಿತ್ಸೆ ಬೇಡ ಎಂದರೆ ಮಂಡಳಿಯೂ ಬೇಕಿಲ್ಲ, ಅದು ಅವರ ಹಕ್ಕು.

ನೇರಮಾತು
ಅಮ್ಮ “ನಿನಗೋಸ್ಕರ ಮೂರು ದಿನ” ಎಂದದ್ದನ್ನು ಓದಿ ಕಣ್ಣು ತುಂಬಿತು. ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ. ಆದರೆ ಹೀಗೆ ಅವರನ್ನೇ ಕೂರಿಸಿ ಕೇಳಿ ಮಾಡುವುದಾದರೆ ನನ್ನ ವಿರೋಧವಿಲ್ಲ. ಸಹಿಯ ಹೊತ್ತಿಗೆ ಸ್ವಲ್ಪ ಹೊತ್ತು ಮಕ್ಕಳು ಹೊರಗಿರಿ. ಸಾಕ್ಷಿಗಳು ಮಾತ್ರ ಅಮ್ಮನ ಜೊತೆ ಕೂತು ಮಾತಾಡಲಿ.

ಕರಿಕೋಟು
ಒಳ್ಳೆಯ ಸಲಹೆ, ಹಾಗೇ ಮಾಡಿ. ಬೆರಳು ನಡುಗುತ್ತಿದ್ದರೆ ಸಹಿಯ ಜೊತೆ ಹೆಬ್ಬೆಟ್ಟೂ ಇರಲಿ. ನೋಟರಿಗೆ ಮೊದಲೇ ಹೇಳಿದರೆ ಆಶ್ರಮಕ್ಕೇ ಬರುತ್ತಾರೆ.

ಚಾಮುಂಡಿ ತಪ್ಪಲು
ನೋಟರಿ ಮೇಡಂ ಗುರುವಾರ ಬೆಳಿಗ್ಗೆ ಬರುತ್ತೇನೆ ಎಂದಿದ್ದಾರೆ. ಸಾಕ್ಷಿಗೆ ಅಮ್ಮನ ಹಳೆಯ ಶಾಲೆಯ ಸಹೋದ್ಯೋಗಿ ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಆಶ್ರಮದ ಮ್ಯಾನೇಜರ್ ಆದರೆ ನಡೆಯುತ್ತದೆಯೇ?

ಆಶ್ರಮ ನೋಡಿಕೊಳ್ಳುವವಳು
ಮ್ಯಾನೇಜರ್ ಬೇಡ ತಂಗಿ. ನಾಳೆ ಆಶ್ರಮದವರೇ ಬರೆಸಿಕೊಂಡರು ಎನ್ನುವ ಮಾತು ಬರಬಾರದು. ನಿಮ್ಮ ಅಮ್ಮನ ಸ್ನೇಹಿತರಲ್ಲೇ ಇನ್ನೊಬ್ಬರನ್ನು ನೋಡಿ. ಸಹಿಯಾದ ಮೇಲೆ ಪತ್ರದ ನಕಲು ಒಂದು ಆಶ್ರಮದ ಫೈಲಿಗೆ, ಒಂದು ಡಾಕ್ಟರರಿಗೆ, ಒಂದು ಅಣ್ಣನಿಗೆ, ಒಂದು ನಿಮ್ಮ ಹತ್ತಿರ. ಇಂಥ ಪತ್ರ ಇಟ್ಟುಕೊಳ್ಳುವ ಪಾಲಿಕೆಯ ಅಧಿಕಾರಿಗೂ ಒಂದು ಕೊಡಬೇಕು, ಅದು ಆಮೇಲೆ. ಮೊದಲು ಗುರುವಾರ ರಾತ್ರಿ ಡ್ಯೂಟಿಯ ಆಯಾಗೆ ನೀವೇ ಕೂತು ಓದಿ ಹೇಳಿ.